ಬುರುಡೆ ಕಂಡಲ್ಲೆಲ್ಲ ವಾನಿತಾಸ್ ಎನ್ನಬಹುದೇ? ಬರೋಕ್ ಕಾಲದ ನಶ್ವರತೆಯ ಚಿತ್ರಗಳನ್ನು ಓದುವ, ಬರೆಯುವ ಬಗೆ

ಗರಿಲೇಖನಿ

ಎಲ್ಲರಿಗೂ ನಮಸ್ಕಾರ. ಬರೋಕ್ ಕಾಲದ, ಅಂದರೆ ಮುಖ್ಯವಾಗಿ 17ನೇ ಶತಮಾನದ ಯುರೋಪಿನ ವಾನಿತಾಸ್ ಚಿತ್ರಗಳ, ಎಂದರೆ ಬದುಕು ನಶ್ವರವೆಂದು ವಸ್ತುಗಳ ಮೂಲಕ ನೆನಪಿಸುವ ಚಿತ್ರಗಳ, ಬಗೆಗಿನ ಬರಹಗಳು ಹೆಚ್ಚಾಗಿ ಒಂದು ಪಟ್ಟಿ ಕೊಟ್ಟು ಮುಗಿಸಿಬಿಡುತ್ತವೆ. ಬುರುಡೆ ಎಂದರೆ ಸಾವು, ಮರಳುಗಡಿಯಾರ ಎಂದರೆ ಕಾಲ, ಹೂವು ಎಂದರೆ ಬಾಡುವ ಚೆಲುವು, ಸಾಬೂನಿನ ಗುಳ್ಳೆ ಎಂದರೆ ಬದುಕು. ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಅದನ್ನೇ ಹಿಡಿದು ನಿಂತರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಮಾತು ಶುರುವಾಗಲೆಂದು ಒಂದು ಚಿತ್ರ ಇಡುತ್ತೇನೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಡಚ್ ಚಿತ್ರಕಾರ ಹಾರ್ಮೆನ್ ಸ್ಟೀನ್‌ವೈಕ್‌ನದು, ಸುಮಾರು 1640ರದು. ಓಕ್ ಹಲಗೆ, ಅಂದಾಜು 39×51 ಸೆಂ.ಮೀ. ಬುರುಡೆ, ಆಗಷ್ಟೇ ಆರಿದ ದೀಪ, ಗಡಿಯಾರ, ದೂರದ ಕಡಲಿನಿಂದ ಬಂದ ಹೊಳೆಯುವ ಶಂಖ, ಜಪಾನಿನ ಕತ್ತಿ, ಕೊಳಲು, ಲ್ಯೂಟ್ ಎಂಬ ತಂತಿವಾದ್ಯ, ಪುಸ್ತಕಗಳು, ಹೂಜಿ ಎಲ್ಲವೂ ಬಲಕ್ಕೆ ಒತ್ತಿಕೊಂಡಿವೆ. ಎಡಭಾಗದ ಹೆಚ್ಚಿನ ಜಾಗ ಬರೀ ಗೋಡೆ, ಅದರ ಮೇಲೆ ಓರೆಯಾಗಿ ಇಳಿಯುವ ಒಂದು ಬೆಳಕಿನ ಪಟ್ಟಿ. ಪ್ರತೀಕಗಳ ಪಟ್ಟಿ ಈ ಖಾಲಿ ಗೋಡೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ನನಗೆ ಚಿತ್ರದ ಅರ್ಧ ಮಾತು ಅಲ್ಲೇ ಇದೆ ಅನಿಸುತ್ತದೆ.

ಕೇಳಬೇಕಾದ್ದು ಮೂರು. ಬುರುಡೆಯೇ ಇಲ್ಲದ ಚಿತ್ರವನ್ನು ವಾನಿತಾಸ್ ಎನ್ನಲು ಆಧಾರವೇನು? ಡಚ್ ಮನೆಯ ಗೋಡೆಗೆ ಬರೆದದ್ದಕ್ಕೂ ಸ್ಪೇನ್, ಇಟಲಿಯ ಚರ್ಚುಗಳಿಗೆ ಮಾಡಿದ್ದಕ್ಕೂ ಒಂದೇ ಅಳತೆಗೋಲು ಸಾಕೇ? ಅಭ್ಯಾಸಕ್ಕೆಂದು ಇಂಥ ಚಿತ್ರ ಬರೆಯುವವರು ಎಲ್ಲಿ ಎಡವುತ್ತಾರೆ?

ಓಕ್‌ಹಲಗೆ

ಒಳ್ಳೆಯ ಚಿತ್ರದಿಂದಲೇ ಶುರು ಮಾಡಿದ್ದೀರಿ. ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು: ವಸ್ತು ಯಾವುದು ಎಂದು ಕೇಳುವ ಮೊದಲು ಆ ವಸ್ತುವಿಗೆ ಏನಾಗುತ್ತಿದೆ ಎಂದು ಕೇಳಿ. ವಾನಿತಾಸ್ ಚಿತ್ರದಲ್ಲಿ ಬಹುತೇಕ ಪ್ರತಿಯೊಂದು ವಸ್ತುವೂ ಒಂದು ಕೆಲಸದ ನಡುವೆ ನಿಂತುಹೋಗಿರುತ್ತದೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ಡಚ್ ಚಿತ್ರಕಾರ ಪೀಟರ್ ಕ್ಲಾಸ್‌ನ 1628ರ ಚಿತ್ರ ನೋಡಿ. ಸುಮಾರು 24×36 ಸೆಂ.ಮೀ., ತೆರೆದಿಟ್ಟ ಪುಸ್ತಕದಷ್ಟೇ ಅಗಲ. ಗಾಜಿನ ಬಟ್ಟಲು ಉರುಳಿ ಬಿದ್ದಿದೆ, ಅಂದರೆ ಕುಡಿದು ಆಗಿದೆ. ಗರಿಲೇಖನಿ ಕೆಳಗಿಟ್ಟಿದೆ, ಬರೆದು ಆಗಿದೆ. ದೀಪದ ಬತ್ತಿ ಇನ್ನೇನು ಆರಲಿದೆ. ಬುರುಡೆಗೆ ಕೆಳದವಡೆ ಇಲ್ಲ, ಮೇಲಿನ ಹಲ್ಲುಗಳಲ್ಲಿ ಸಂದುಗಳಿವೆ. ಮಾತಾಡುವ ಕೆಲಸವೂ ಮುಗಿದಿದೆ. ಇವೆಲ್ಲವೂ ಒಂದೇ ಗಳಿಗೆಯಲ್ಲಿ ಮುಗಿದವಲ್ಲ. ಬುರುಡೆಯ ಸಾವು ಎಷ್ಟೋ ವರ್ಷ ಹಿಂದಿನದು, ಬಟ್ಟಲು ಖಾಲಿಯಾದದ್ದು ಈಚೆಗೆ, ಬತ್ತಿ ಆರುತ್ತಿರುವುದು ಈಗ. ಬೇರೆ ಬೇರೆ ವೇಗದ ಮೂರು ಕಾಲಗಳನ್ನು ಒಂದೇ ಮೇಜಿನ ಮೇಲೆ ಇಡುವ ಈ ಜಾಣ್ಮೆ ಪಟ್ಟಿಗೆ ಸಿಗುವುದಿಲ್ಲ.

ಹಾಗಾಗಿ ನೋಡುವ ಕ್ರಮ ಹೀಗಿರಲಿ. ಮೊದಲು ಬೆಳಕು: ಎಲ್ಲಿಂದ ಬರುತ್ತದೆ, ಯಾವುದರ ಮೇಲೆ ನಿಲ್ಲುತ್ತದೆ. ಸ್ಟೀನ್‌ವೈಕ್‌ನಲ್ಲಿ ಓರೆಬೆಳಕು ಬಂದು ನಿಲ್ಲುವುದು ಬುರುಡೆಯ ಮೇಲೆ. ಖಾಲಿ ಗೋಡೆ ಅಲ್ಲಿರುವುದು ಆ ಬೆಳಕಿಗೆ ದಾರಿ ಬಿಡಲು. ಆಮೇಲೆ ಯಾವುದು ಮುಗಿದಿದೆ, ಯಾವುದು ಮುಗಿಯುತ್ತಿದೆ ಎಂಬುದು. ಆಮೇಲೆ ಮೇಜಿನ ಅಂಚು: ಯಾವುದು ಅಂಚಿನಾಚೆ ಚಾಚಿದೆ, ಬೀಳುವಂತಿದೆ. ಕಡೆಗೆ ಕಾಗದದ ಮೇಲಿನ ಬರಹ, ಸಹಿ, ಇಸವಿ. ಪ್ರತೀಕದ ಅರ್ಥ ಇವೆಲ್ಲ ಆದ ಮೇಲೆ.

ಬುರುಡೆಯಿಲ್ಲದ ಚಿತ್ರಗಳ ವಿಷಯ. ಕ್ಲಾಸ್, ವಿಲೆಮ್ ಹೇಡಾ ಬರೆದ ಉಪಾಹಾರದ ಮೇಜುಗಳಲ್ಲಿ ಅರ್ಧ ಸುಲಿದ ನಿಂಬೆ, ಉರುಳಿದ ಬೆಳ್ಳಿ ಬಟ್ಟಲು ಇರುತ್ತವೆ. ಇವೆಲ್ಲ ಉಪದೇಶವೇ ಅಥವಾ ಕಣ್ಣಿಗೆ ಹಬ್ಬವೇ ಎಂಬ ಬಗ್ಗೆ ಕಲಾ ಇತಿಹಾಸಕಾರರಲ್ಲೇ ದೊಡ್ಡ ಜಗಳವಿದೆ. ಡಚ್ ಚಿತ್ರಗಳಲ್ಲಿ ಒಳಗೆ ನೀತಿ ಅಡಗಿದೆ ಎಂದವರು ಎಡಿ ಡಿ ಯಾಂಗ್. ಅವು ಮೊದಲಿಗೆ ಕಂಡದ್ದನ್ನು ವರ್ಣಿಸುವ ಚಿತ್ರಗಳು ಎಂದು 1980ರ ದಶಕದಲ್ಲಿ ಎದುರು ವಾದಿಸಿದವರು ಸ್ವೆಟ್ಲಾನಾ ಆಲ್ಪರ್ಸ್. ನನ್ನ ಅಳತೆ ಬಿಗಿಯಾದದ್ದು: ಗಡಿಯಾರ, ಆರಿದ ದೀಪ, ಗುಳ್ಳೆ, ಬುರುಡೆ, ಬರಹ ಇವುಗಳಲ್ಲಿ ಕನಿಷ್ಠ ಎರಡು ಒಟ್ಟಿಗೆ ಇದ್ದು, ಸಂಯೋಜನೆ ಅವುಗಳ ಕಡೆಗೇ ಕಣ್ಣು ಎಳೆದರೆ ಮಾತ್ರ ವಾನಿತಾಸ್. ಬರೀ ನಿಂಬೆ, ಹ್ಯಾಮು, ಬಟ್ಟಲು ಇದ್ದರೆ ಅದನ್ನು ಊಟದ ಮೇಜು ಎಂದೇ ಕರೆಯೋಣ.

ಹೊಸ_ಓದುಗ

ಮೇಲೆ ಗಡಿಯಾರದ ಮಾತು ಬಂತು. ಆ ಚಿತ್ರಗಳಲ್ಲಿ ಕೆಲವು ಕಡೆ ಗಡಿಯಾರಕ್ಕೆ ಒಂದೇ ಮುಳ್ಳು ಇರುತ್ತದೆ. ಅದಕ್ಕೇನಾದರೂ ಗೂಢಾರ್ಥ ಇದೆಯೇ ಸರ್?

ಓಕ್‌ಹಲಗೆ

ಗೂಢಾರ್ಥವಿಲ್ಲ, ಆ ಕಾಲದ ಯಂತ್ರವೇ ಹಾಗಿತ್ತು. ಜೇಬುಗಡಿಯಾರಕ್ಕೆ ಸುರುಳಿ ಸ್ಪ್ರಿಂಗಿನ ತೂಗುಚಕ್ರ ಬಂದದ್ದು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್‌ನಿಂದ, 1675ರಲ್ಲಿ. ಅದಕ್ಕೆ ಮುಂಚಿನವು ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ತಪ್ಪುವುದು ಸಾಮಾನ್ಯವಾಗಿತ್ತು, ಆದ್ದರಿಂದ ನಿಮಿಷದ ಮುಳ್ಳು ಇದ್ದೂ ಪ್ರಯೋಜನವಿರಲಿಲ್ಲ. ಇದು ಕಾಲ ಗುರುತಿಸಲು ಒಳ್ಳೆಯ ಸುಳಿವು. 1630ರದು ಎನ್ನುವ ಚಿತ್ರದ ಜೇಬುಗಡಿಯಾರದಲ್ಲಿ ಎರಡು ಮುಳ್ಳು ಸ್ಪಷ್ಟವಾಗಿ ಕಂಡರೆ ಎಚ್ಚರಿಕೆಯಿಂದ ನೋಡಿ.

ನಿಜವಾದ ಅರ್ಥ ಇರುವುದು ಕೀಲಿಯಲ್ಲಿ. ಹೇಗ್ ನಗರದ ಮೌರಿಟ್ಸ್‌ಹೌಸ್‌ನಲ್ಲಿರುವ ಕ್ಲಾಸ್‌ನ 1630ರ ಚಿತ್ರದಲ್ಲಿ ಗಡಿಯಾರದ ಮುಚ್ಚಳ ತೆರೆದಿದೆ, ನೀಲಿ ರಿಬ್ಬನ್ನಿಗೆ ಕಟ್ಟಿದ ಕೀಲಿ ಪಕ್ಕದಲ್ಲಿದೆ. ಆ ಗಡಿಯಾರಗಳಿಗೆ ದಿನಾ ಕೀಲಿ ಕೊಡಬೇಕಿತ್ತು. ಕೊಡುವ ಕೈ ಇಲ್ಲದಿದ್ದರೆ ಮರುದಿನ ಅದು ನಿಲ್ಲುತ್ತದೆ. ನೋಡುಗರಿಗೆ ಇದನ್ನು ಯಾರೂ ವಿವರಿಸಬೇಕಿರಲಿಲ್ಲ.

ಬಣ್ಣದಬಟ್ಟಲು

ಮೂರನೆಯ ಪ್ರಶ್ನೆಗೆ ನಾನು ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಹಾರ್ಲೆಮ್, ಲೈಡನ್ ಚಿತ್ರಕಾರರು 1620–40ರ ನಡುವೆ ಬಣ್ಣಗಳನ್ನು ಬೇಕೆಂದೇ ಕಡಿಮೆ ಮಾಡಿಕೊಂಡರು. ಕಂದು, ಬೂದು, ಮಾಸಲು ಹಸಿರು, ಅಲ್ಲೊಂದು ಇಲ್ಲೊಂದು ಹಳದಿ. ಅಭ್ಯಾಸಕ್ಕೆ ಐದು ಬಣ್ಣ ಸಾಕು: ಬಿಳಿ, ರಾ ಅಂಬರ್ (ಕಂದು), ಐವರಿ ಬ್ಲ್ಯಾಕ್ (ಕಪ್ಪು), ಹಳದಿ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನ್ನಾ (ಕೆಂಗಂದು). ಆರನೆಯದು ಕೈಗೆತ್ತಿಕೊಂಡರೆ ಚಿತ್ರ ಸಡಿಲವಾಗುತ್ತದೆ. ಅಳತೆ 24×36 ಸೆಂ.ಮೀ. ಇಟ್ಟುಕೊಳ್ಳಿ. ದೊಡ್ಡದು ಮಾಡಿದರೆ ಬುರುಡೆ ನಿಜದ ಬುರುಡೆಗಿಂತ ದೊಡ್ಡದಾಗಿ, ಬೆದರಿಸುವ ಚಿತ್ರವಾಗಿಬಿಡುತ್ತದೆ. ಆ ಕಾಲದವರು ಹೆದರಿಸಲು ಬರೆದವರಲ್ಲ, ಹತ್ತಿರ ಕರೆಯಲು ಬರೆದವರು.

ಬೆಳಕು ಒಂದೇ ಇರಲಿ, ಎಡಕ್ಕೆ ಮೇಲಿನಿಂದ, ಸುಮಾರು 45 ಡಿಗ್ರಿ. ಕಿಟಕಿ ಉತ್ತರಕ್ಕಿದ್ದರೆ ದಿನವಿಡೀ ನೆರಳು ಅಷ್ಟಾಗಿ ಓಡುವುದಿಲ್ಲ. ಬಲಗಡೆಯ ಕಿಟಕಿ, ಟ್ಯೂಬ್‌ಲೈಟ್ ಎರಡನ್ನೂ ಮುಚ್ಚಿ. ಹಿಂದಿನ ಗೋಡೆಗೆ ಬೂದುಗಂದು ಕಾಗದ ಅಂಟಿಸಿ, ವಸ್ತುಗಳಿಗೂ ಗೋಡೆಗೂ ಒಂದು ಗೇಣಿಗಿಂತ ಹೆಚ್ಚು ಅಂತರ ಇರಲಿ. ಜೋಡಿಸಿದ್ದರ ಅಗಲದ ಮೂರು ಪಟ್ಟು ದೂರದಲ್ಲಿ ಕುಳಿತುಕೊಳ್ಳಿ. ಹತ್ತಿರ ಕುಳಿತರೆ ಬಟ್ಟಲಿನ ಬಾಯಿ ಅಂಡಾಕಾರ ತಪ್ಪಿ ಅಗಲವಾಗುತ್ತದೆ. ಗೋಡೆಯ ಬಣ್ಣ ಒಂದೇ ಸಮ ಬೇಡ. ವಸ್ತುಗಳ ಬೆಳಗಿದ ಬದಿ ಇರುವಲ್ಲಿ ಗೋಡೆ ಗಾಢ, ನೆರಳಿನ ಬದಿ ಇರುವಲ್ಲಿ ಗೋಡೆ ತಿಳಿ. ಕ್ಲಾಸ್‌ನ ಚಿತ್ರಗಳಲ್ಲಿ ಗಾಳಿ ಆಡಿದಂತೆ ಅನಿಸುವುದು ಈ ಅದಲುಬದಲಿನಿಂದ.

ಹಲಗೆ ಸಿದ್ಧ ಮಾಡುವುದು: ಅವರು ಬಾಲ್ಟಿಕ್ ಕಡೆಯ ಓಕ್ ಮೇಲೆ ಸೀಮೆಸುಣ್ಣ ಮತ್ತು ಪ್ರಾಣಿಯಂಟಿನ ಲೇಪ ಹಚ್ಚಿ, ನಯವಾಗಿ ಕೆರೆದು, ಮೇಲೆ ತೆಳುವಾದ ಎಣ್ಣೆಬಣ್ಣದ ಪದರ ಕೊಡುತ್ತಿದ್ದರು. ನಮಗೆ 6 ಮಿ.ಮೀ. ಎಂ.ಡಿ.ಎಫ್. (ಒತ್ತಿದ ಮರನಾರಿನ) ಹಲಗೆ, ಅಕ್ರಿಲಿಕ್ ಗೆಸ್ಸೊ ಎಂಬ ಬಿಳಿ ತಳಲೇಪ ಮೂರು ಪದರ, ನಡುನಡುವೆ 320ರ ಮರಳುಕಾಗದ ಸಾಕು. ಹಿಂಬದಿಗೂ ಒಂದು ಪದರ ಕೊಡಿ, ಇಲ್ಲದಿದ್ದರೆ ಹಲಗೆ ಬಿಲ್ಲಿನಂತೆ ಬಾಗುತ್ತದೆ.

ಬರೆಯುವ ಕ್ರಮ. ರಾ ಅಂಬರನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಇಡೀ ಚಿತ್ರದ ಬೆಳಕು ನೆರಳನ್ನು ಮೊದಲು ಹಾಕಿಬಿಡಿ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಅದಕ್ಕೇ ಅದು ಕೆಳಪದರಕ್ಕೆ ಒಪ್ಪುತ್ತದೆ. ಐವರಿ ಬ್ಲ್ಯಾಕನ್ನು ಈ ಹಂತದಲ್ಲಿ ಬಳಸಬೇಡಿ. ಅದು ಎಣ್ಣೆ ಹೆಚ್ಚು ಕುಡಿದು ನಿಧಾನವಾಗಿ ಒಣಗುವ ಬಣ್ಣ, ಮೇಲೆ ಬೇಗ ಒಣಗುವ ಪದರ ಬಂದರೆ ಬಿರುಕು ಖಂಡಿತ. ಆಮೇಲೆ ಗೋಡೆ, ಮೇಜು. ಆಮೇಲೆ ಬುರುಡೆ, ಪುಸ್ತಕ, ಕಾಗದ. ಗಾಜು ಯಾವಾಗಲೂ ಕೊನೆಗೆ.

ಬುರುಡೆಯಲ್ಲಿ ಹೆಚ್ಚಿನವರು ಎಡವುವುದು ಮೂರು ಕಡೆ. ಕಣ್ಣಿನ ಗುಳಿಗಳನ್ನು ದುಂಡಗೆ ಬರೆಯುತ್ತಾರೆ. ನಿಜಕ್ಕೂ ಅವು ಮೂಲೆ ಸವೆದ ಚೌಕಗಳು, ಹೊರಮೂಲೆ ಕೆಳಗೆ ಜಾರಿರುತ್ತದೆ. ಹುಬ್ಬಿನ ಮೇಲಿನ, ಹಿಂದಿನ ಭಾಗವನ್ನು ಚಿಕ್ಕದು ಮಾಡುತ್ತಾರೆ. ಎಲ್ಲಕ್ಕಿಂತ ದೊಡ್ಡದು ಬಿಳಿಯ ತಪ್ಪು. ಮೂಳೆ ಬಿಳಿಯಲ್ಲ, ಹಳೆಯ ಕಾಗದದ ಬಣ್ಣದ್ದು. ಶುದ್ಧ ಬಿಳಿಯನ್ನು ನೆತ್ತಿಯ ಒಂದು ಹೊಳಪಿಗೂ ಗಾಜಿನ ಮೇಲಿನ ಕಿಟಕಿಯ ಬಿಂಬಕ್ಕೂ ಮಾತ್ರ ಉಳಿಸಿಕೊಳ್ಳಿ.

ಗಾಜಿನ ಬಟ್ಟಲು ಕಷ್ಟವೆಂದು ಎಲ್ಲರೂ ಹೆದರುತ್ತಾರೆ, ಆದರೆ ಅದರಲ್ಲಿ ಬರೆಯಲಿಕ್ಕೆ ಇರುವುದೇ ಕಡಿಮೆ. ಹಿನ್ನೆಲೆಯನ್ನು ಗಾಜಿನ ಜಾಗದಲ್ಲೂ ಪೂರ್ತಿ ಬರೆದು ಒಣಗಲು ಬಿಡಿ. ಅದರ ಮೇಲೆ ಅಂಚುಗೆರೆಯನ್ನು ಅಲ್ಲಲ್ಲಿ ಮಾತ್ರ ಎಳೆಯಿರಿ, ಸುತ್ತ ಗೆರೆ ಮುಚ್ಚಿದರೆ ಅದು ಪ್ಲಾಸ್ಟಿಕ್ಕಾಗುತ್ತದೆ. ಎಡ ಮೇಲ್ಭಾಗದಲ್ಲಿ ಕಿಟಕಿಯ ಬಾಗಿದ ಬಿಂಬ, ಪ್ರಖರವಾಗಿ. ಬಲ ಕೆಳಭಾಗದಲ್ಲಿ ಒಳಗೋಡೆಯ ಮೇಲೆ ಅದೇ ಕಿಟಕಿ ತಲೆಕೆಳಗಾಗಿ, ಮಂಕಾಗಿ. ಈ ಎರಡನೆಯದನ್ನು ಬಿಟ್ಟರೆ ಬಟ್ಟಲು ಟೊಳ್ಳೆಂದು ಅನಿಸುವುದೇ ಇಲ್ಲ.

ಆರಿದ ದೀಪದ ಹೊಗೆಯ ಎಳೆಗೆ ನೀಲಿ ಬೇಡ. ಒಣಗಿದ ಗಾಢ ಹಿನ್ನೆಲೆಯ ಮೇಲೆ ತೀರಾ ಕಡಿಮೆ ಬಿಳಿಯನ್ನು ಒಣಕುಂಚದಲ್ಲಿ ತೇಲಿಸಿ, ಕಣ್ಣಿಗೆ ತಾನಾಗಿ ನೀಲಿಯಾಗಿ ಕಾಣುತ್ತದೆ.

ಕರಾವಳಿ_ಕುಂಚ

ತುಂಬಾ ಉಪಕಾರವಾಯಿತು. ಎರಡು ಸಂದೇಹ. ಸೀಸದ ಬಿಳಿ ಬಳಸಬೇಕೇ? ಮತ್ತೆ, ಸೀಮೆಸುಣ್ಣ ಮತ್ತು ಅಂಟಿನ ಹಳೆಯ ಲೇಪವನ್ನೇ ಮಂಗಳೂರಿನಂಥ ಊರಲ್ಲಿ ಮಾಡಬಹುದೇ?

ಬಣ್ಣದಬಟ್ಟಲು

ಸೀಸದ ಬಿಳಿ ವಿಷ. ಪುಡಿಯನ್ನಂತೂ ಮನೆಯೊಳಗೆ ತರಲೇಬೇಡಿ. ಟೈಟಾನಿಯಂ ಬಿಳಿ ಸಾಕು, ಆದರೆ ಅದು ಬೇರೆ ಬಣ್ಣಗಳನ್ನು ನುಂಗಿಹಾಕುತ್ತದೆ, ಬುರುಡೆ ಸುಣ್ಣ ಬಳಿದಂತಾಗುತ್ತದೆ. ಸೀಮೆಸುಣ್ಣದ ನಯವಾದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಗಟ್ಟಿಯಾಗಿ ಅರೆದು, ಟೈಟಾನಿಯಮ್ಮಿಗೆ ಮೂರರಲ್ಲೊಂದು ಪಾಲು ಬೆರೆಸಿ. ಜೋರು ಇಳಿಯುತ್ತದೆ, ಸ್ವಲ್ಪ ಅರೆಪಾರದರ್ಶಕತೆ ಬರುತ್ತದೆ. ಜಿಂಕ್ ಬಿಳಿ ಬೇಡ, ಕಾಲಕ್ರಮದಲ್ಲಿ ಪದರ ಪೆಡಸಾಗುತ್ತದೆ.

ಕರಾವಳಿಯ ಮಳೆಗಾಲದಲ್ಲಿ ಪ್ರಾಣಿಯಂಟಿನ ಲೇಪಕ್ಕೆ ಬೂಷ್ಟು ಹಿಡಿಯುತ್ತದೆ. ಅಕ್ರಿಲಿಕ್ ಗೆಸ್ಸೊ ಬಳಸಿ. ತೇವದ ದಿನಗಳಲ್ಲಿ ಎಣ್ಣೆ ಒಣಗಲು ಹೆಚ್ಚು ಹೊತ್ತು ಹಿಡಿಯುವುದರಿಂದ ಪದರದಿಂದ ಪದರಕ್ಕೆ ದಿನ ಎಣಿಸಬೇಡಿ, ಉಗುರಿನಿಂದ ಅಂಚಿನಲ್ಲಿ ಒತ್ತಿ ನೋಡಿ ಮುಂದುವರಿಯಿರಿ.

ಸೆವಿಲ್‌ದಾರಿ

ಚರ್ಚೆಯೆಲ್ಲ ಹಾಲೆಂಡಿನಲ್ಲೇ ನಿಂತಿದೆ. ಗರಿಲೇಖನಿಯವರ ಎರಡನೆಯ ಪ್ರಶ್ನೆಗೆ ಯಾರೂ ಕೈಹಾಕಿಲ್ಲ. ನನ್ನ ಮಟ್ಟಿಗೆ ಉತ್ತರ ಖಚಿತ: ಒಂದೇ ಅಳತೆಗೋಲು ಸಾಲದು.

ಸ್ಪೇನಿನ ಸೆವಿಲ್ ನಗರದ ಧರ್ಮಾಸ್ಪತ್ರೆ ಆಸ್ಪಿತಾಲ್ ದೆ ಲಾ ಕಾರಿದಾದ್‌ನ ಚರ್ಚಿಗೆ ಚಿತ್ರಕಾರ ಹ್ವಾನ್ ದೆ ವಾಲ್ಡೆಸ್ ಲೆಯಾಲ್ 1670–72ರಲ್ಲಿ ಬರೆದ ಎರಡು ಚಿತ್ರಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದೂ ಎರಡು ಮೀಟರಿಗಿಂತ ಎತ್ತರ. ಮೊದಲನೆಯದರಲ್ಲಿ ಅಸ್ಥಿಪಂಜರವೊಂದು ಕಂಕುಳಲ್ಲಿ ಶವಪೆಟ್ಟಿಗೆ, ಕೈಯಲ್ಲಿ ಕುಡುಗೋಲು ಹಿಡಿದು, ಭೂಗೋಲದ ಮೇಲೆ ಕಾಲಿಟ್ಟು ಮೇಣದ ಬತ್ತಿಯನ್ನು ಆರಿಸುತ್ತಿದೆ. ಬತ್ತಿಯ ಮೇಲಿನ ಲ್ಯಾಟಿನ್ ಬರಹದ ಅರ್ಥ ‘ಕಣ್ಣೆವೆ ಮುಚ್ಚುವಷ್ಟರಲ್ಲಿ’ ಎಂದು; ಕೊರಿಂಥದವರಿಗೆ ಬರೆದ ಮೊದಲ ಪತ್ರದಿಂದ ತೆಗೆದದ್ದು. ಕೆಳಗೆ ಕಿರೀಟಗಳು, ಪೋಪನ ಮುಕುಟ, ರಕ್ಷಾಕವಚ, ರೇಷ್ಮೆ, ಪುಸ್ತಕಗಳು ಚೆಲ್ಲಾಡಿವೆ.

ತೆರೆದಿರುವ ಪುಸ್ತಕದ ಪುಟವನ್ನು ಗಮನಿಸಿ. ಅಲ್ಲಿರುವುದು ಸ್ಪೇನಿನ ರಾಜಕುಮಾರ ಫರ್ಡಿನಾಂಡ್ 1635ರಲ್ಲಿ ಆಂಟ್ವರ್ಪಿಗೆ ಬಂದಾಗ ಚಿತ್ರಕಾರ ರೂಬೆನ್ಸ್ ವಿನ್ಯಾಸ ಮಾಡಿದ ವಿಜಯದ ಕಮಾನು. ಮರ, ಕ್ಯಾನ್ವಾಸು, ಬಣ್ಣದಿಂದ ಎಬ್ಬಿಸಿ ಮೆರವಣಿಗೆ ಮುಗಿದ ಮೇಲೆ ಕಳಚಿದ ಕಮಾನದು. ಚಿತ್ರ ಬರೆಯುವ ಹೊತ್ತಿಗೆ ಫರ್ಡಿನಾಂಡ್ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಬರೋಕ್ ಕಾಲದ ವೈಭವವೆಲ್ಲ ಇಂಥ ಕಟ್ಟಿ ಕಳಚುವ ಕಮಾನು, ವೇದಿಕೆ, ಬಾಣಬಿರುಸುಗಳಲ್ಲೇ ಇತ್ತಲ್ಲ. ವಾಲ್ಡೆಸ್ ಲೆಯಾಲ್ ಅದನ್ನೇ ಎತ್ತಿ ತೋರಿಸಿದ್ದಾನೆ.

ಎರಡನೆಯ ಚಿತ್ರ ಇನ್ನೂ ಕಠಿಣ. ನೆಲಮಾಳಿಗೆಯಲ್ಲಿ ಬಿಷಪ್ಪನೊಬ್ಬನ ಕೊಳೆಯುತ್ತಿರುವ ಶವ, ಪಕ್ಕದಲ್ಲಿ ಕಲಾತ್ರಾವಾ ಎಂಬ ಧಾರ್ಮಿಕ ಯೋಧಪಂಥದವನೊಬ್ಬನ ಶವ. ಮೇಲಿನಿಂದ ಮೊಳೆಗಾಯವಿರುವ ಕೈಯೊಂದು ತಕ್ಕಡಿ ಹಿಡಿದಿದೆ. ಒಂದು ತಟ್ಟೆಯಲ್ಲಿ ಏಳು ಮಹಾಪಾಪಗಳ ಪ್ರಾಣಿಗಳು, ‘ಇದಕ್ಕಿಂತ ಹೆಚ್ಚು ಬೇಡ’ ಎಂಬ ಬರಹ. ಇನ್ನೊಂದರಲ್ಲಿ ಭಕ್ತಿ, ತಪಸ್ಸಿನ ವಸ್ತುಗಳು, ‘ಇದಕ್ಕಿಂತ ಕಡಿಮೆ ಸಾಲದು’ ಎಂಬ ಬರಹ. ಮುಳ್ಳು ಯಾವ ಕಡೆಗೂ ವಾಲಿಲ್ಲ. ಇಲ್ಲೇ ಬಹಳ ಮಂದಿ ಎಡವುವುದು. ಚಿತ್ರವನ್ನು ಒಂಟಿಯಾಗಿ ನೋಡಿ, ಕತ್ತಲು, ನಿರಾಶೆ ಎಂದು ಬರೆದುಬಿಡುತ್ತಾರೆ. ಈ ಎರಡೂ ಚಿತ್ರಗಳು ಬಾಗಿಲ ಹತ್ತಿರ ಇವೆ. ಅವನ್ನು ದಾಟಿ ಒಳಗೆ ಹೋದರೆ ಸೆವಿಲ್‌ನ ಇನ್ನೊಬ್ಬ ಚಿತ್ರಕಾರ ಮುರಿಲ್ಯೊ ಬರೆದ ಕರುಣೆಯ ಕಾರ್ಯಗಳ ಆರು ಚಿತ್ರಗಳು: ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ರೋಗಿಗಳ ಆರೈಕೆ, ಹೀಗೆ. ಏಳನೆಯ ಕಾರ್ಯ, ಸತ್ತವರನ್ನು ಹೂಳುವುದು, ಮುಖ್ಯ ವೇದಿಕೆಯ ಮೇಲೆ ಪೆದ್ರೊ ರೊಲ್ದಾನ್ ಕೆತ್ತಿದ ಕ್ರಿಸ್ತನ ಸಮಾಧಿಯ ಶಿಲ್ಪವಾಗಿ ನಿಂತಿದೆ.

ಇದನ್ನೆಲ್ಲ ಮಾಡಿಸಿದ ಮಿಗೆಲ್ ಮನ್ಯಾರಾ ಆ ಆಸ್ಪತ್ರೆಯನ್ನು ನಡೆಸುತ್ತಿದ್ದ ಧರ್ಮಸಂಘದ ಮುಖ್ಯಸ್ಥ. ಗಲ್ಲಿಗೇರಿದವರ, ನದಿಯಲ್ಲಿ ತೇಲಿಬಂದವರ, ಗತಿಯಿಲ್ಲದವರ ಹೆಣಗಳನ್ನು ಹೂಳುವುದು ಸಂಘದ ಕೆಲಸವಾಗಿತ್ತು. 1649ರ ಪ್ಲೇಗಿನಲ್ಲಿ ಸೆವಿಲ್ ಪಾಳು ಬಿದ್ದಂತಾಗಿದ್ದನ್ನು ಕಂಡ ತಲೆಮಾರು ಅದು. ತಕ್ಕಡಿ ಸಮವಾಗಿ ನಿಂತಿರುವುದು ಏಕೆಂದರೆ ಅದನ್ನು ವಾಲಿಸಬೇಕಾದವನು ಚಿತ್ರದ ಮುಂದೆ ನಿಂತಿದ್ದಾನೆ. ಒಳಗೆ ಹೋಗಿ ಅವನು ಮಾಡುವ ಕೆಲಸದಿಂದ ಅದು ವಾಲುತ್ತದೆ. ಡಚ್ ಚಿತ್ರ ಕೋಣೆಯಲ್ಲಿ ಕೂತು ಯೋಚಿಸಲು ಹೇಳುತ್ತದೆ, ಸೆವಿಲ್‌ನದು ಎದ್ದು ಹೋಗಿ ಹೆಣ ಹೊರಲು ಹೇಳುತ್ತದೆ.

ಮುರಿಲ್ಯೊನ ಆರರಲ್ಲಿ ನಾಲ್ಕನ್ನು ನೆಪೋಲಿಯನ್ನನ ಸೇನಾಪತಿ ಸೂಲ್ಟ್ ಹೊತ್ತೊಯ್ದ. ಈಗ ಅವು ಲಂಡನ್, ವಾಷಿಂಗ್ಟನ್, ಒಟ್ಟಾವಾ, ಸೇಂಟ್ ಪೀಟರ್ಸ್‌ಬರ್ಗ್‌ಗಳಲ್ಲಿವೆ. ಚರ್ಚಿನಲ್ಲಿ ಆ ನಾಲ್ಕರ ಜಾಗದಲ್ಲಿರುವುದು ನಕಲುಗಳು. ಆ ಮೂಲಗಳನ್ನು ಬೇರೆ ಸಂಗ್ರಹಾಲಯದಲ್ಲಿ ನೋಡುವವರಿಗೆ ವಾಲ್ಡೆಸ್ ಲೆಯಾಲ್ ಎದುರಿಗಿರುವುದಿಲ್ಲ, ಅರ್ಧ ವಾಕ್ಯ ಓದಿದಂತೆ.

ಓಕ್‌ಹಲಗೆ

ಸೆವಿಲ್‌ದಾರಿಯವರು ಹೇಳಿದ ಚರ್ಚಿನ ವ್ಯವಸ್ಥೆಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಆದರೆ ಡಚ್ ಚಿತ್ರ ಬರೀ ಕೋಣೆಯ ಯೋಚನೆ ಎಂಬುದಕ್ಕೆ ಇಲ್ಲ. ಲೈಡನ್ ನೋಡಿ. ಅಲ್ಲಿನ ವಿಶ್ವವಿದ್ಯಾಲಯ 1575ರದು. 1590ರ ದಶಕದಲ್ಲಿ ಅಲ್ಲಿ ಶವಚ್ಛೇದನದ ರಂಗಮಂದಿರ ಕಟ್ಟಿದರು. ಸುತ್ತಲಿನ ಮೆಟ್ಟಿಲುಗಳ ಮೇಲೆ ಮನುಷ್ಯರ, ಪ್ರಾಣಿಗಳ ಅಸ್ಥಿಪಂಜರಗಳು, ಅವುಗಳ ಕೈಯಲ್ಲಿ ‘ನಾವು ಧೂಳು ಮತ್ತು ನೆರಳು’ ಎಂಬಂಥ ಬರಹದ ಬಾವುಟಗಳು. 1610ರ ಮುದ್ರಿತ ಚಿತ್ರವೊಂದರಲ್ಲಿ ಇದನ್ನು ಈಗಲೂ ಕಾಣಬಹುದು. ಊರಿಗೆ ಊರೇ ಬುರುಡೆಯನ್ನು ಸಾರ್ವಜನಿಕವಾಗಿ ಕಂಡಿತ್ತು. 1624–25ರಲ್ಲಿ, ಮತ್ತೆ 1635ರಲ್ಲಿ ಅಲ್ಲೂ ಪ್ಲೇಗು ಬಂತು.

ಅದೇ ಊರಿನವನು ಡೇವಿಡ್ ಬೈಲಿ, ಸ್ಟೀನ್‌ವೈಕ್‌ನ ಸೋದರಮಾವ ಮತ್ತು ಗುರು. ಲೈಡನ್ನಿನ ಲಾಕೆನ್‌ಹಾಲ್ ಸಂಗ್ರಹಾಲಯದಲ್ಲಿರುವ ಅವನ 1651ರ ಚಿತ್ರ ನನ್ನ ಮಟ್ಟಿಗೆ ಈ ಪ್ರಕಾರದ ಶಿಖರ. ಒಬ್ಬ ಯುವಕ ಕೈಯಲ್ಲಿ ಚಿತ್ರಕಾರನ ಕೋಲು (ಬರೆಯುವಾಗ ಕೈ ಊರಿಕೊಳ್ಳುವ ಕೋಲು) ಹಿಡಿದು ಕೂತಿದ್ದಾನೆ. ಇನ್ನೊಂದು ಕೈಯಲ್ಲಿ ಒಬ್ಬ ಹಿರಿಯನ ಪುಟ್ಟ ಭಾವಚಿತ್ರ ಹಿಡಿದಿದ್ದಾನೆ. ಮೇಜಿನ ಮೇಲೆ ಬುರುಡೆ, ಉರುಳಿದ ಬಟ್ಟಲು, ಆರಿದ ಬತ್ತಿ, ಗಾಳಿಯಲ್ಲಿ ಗುಳ್ಳೆಗಳು. ಮೊದಲ ನೋಟಕ್ಕೆ ಹಿರಿಯನು ತಂದೆಯೋ ಗುರುವೋ ಅನಿಸುತ್ತದೆ. ಆದರೆ 1651ರಲ್ಲಿ ಬೈಲಿಗೆ 67 ವರ್ಷ. ಭಾವಚಿತ್ರದಲ್ಲಿರುವ ಹಿರಿಯನೇ ಈಗಿನ ಬೈಲಿ. ಯುವಕನೂ ಅವನೇ, ನಲವತ್ತು ವರ್ಷಗಳ ಹಿಂದಿನವನು, ಎಂಬುದು ರೂಢಿಯ ವ್ಯಾಖ್ಯಾನ. ಬದುಕಿರುವವನು ಚಿತ್ರದೊಳಗಿನ ಚಿತ್ರವಾಗಿದ್ದಾನೆ, ಇಲ್ಲದಿರುವವನು ನಮ್ಮನ್ನು ನೇರ ನೋಡುತ್ತಿದ್ದಾನೆ. ಕಾಲವನ್ನು ತಡೆಯುತ್ತೇನೆ ಎನ್ನುವ ಚಿತ್ರಕಲೆಯೂ ಬುರುಡೆಯ ಮೇಜಿನ ಮೇಲೆಯೇ ಬಂದು ಕೂತಿತು. ವಾನಿತಾಸ್ ಚಿತ್ರಗಳಲ್ಲಿ ಕುಂಚ, ಬಣ್ಣದ ಹಲಗೆ, ಶಿಲ್ಪ ಮತ್ತೆ ಮತ್ತೆ ಬರುವುದು ಇದಕ್ಕೇ.

ನಾದಲೇಖ

ಚಿತ್ರದಲ್ಲಿ ಲ್ಯೂಟ್, ಕೊಳಲು ಇಷ್ಟೊಂದು ಏಕೆ ಎಂದು ಯಾರೂ ಕೇಳಲಿಲ್ಲ. ನುಡಿಸುವುದು ನಿಲ್ಲಿಸಿದೊಡನೆ ಸ್ವರ ಇಲ್ಲವಾಗುತ್ತದೆ, ಅಷ್ಟೇ ನೇರ. ಆದರೆ ಆ ಕಾಲದ ಸಂಗೀತಗಾರರು ಇದೇ ವಿಷಯವನ್ನು ಸ್ವರದಲ್ಲೇ ಮಾಡಿದ್ದಾರೆ. ಪ್ಯಾರಿಸ್ಸಿನ ಲ್ಯೂಟ್ ವಾದಕ ಬ್ಲಾಂಕ್ರೊಶೆ 1652ರಲ್ಲಿ ಮೆಟ್ಟಿಲಿಂದ ಬಿದ್ದು ಸತ್ತಾಗ ಯೋಹಾನ್ ಯಾಕೊಬ್ ಫ್ರೊಬರ್ಗರ್ ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯಕ್ಕೆ ಒಂದು ಶೋಕಗೀತ ಬರೆದ. ಕೊನೆಯಲ್ಲಿ ಸ್ವರಶ್ರೇಣಿ ಒಂದೇ ಸಮನೆ ಕೆಳಕ್ಕೆ ಉರುಳಿ ಮಂದ್ರದಲ್ಲಿ ನಿಲ್ಲುತ್ತದೆ. ಎರಡು ವರ್ಷದ ನಂತರ ಹಂಗೇರಿಯ ದೊರೆ ನಾಲ್ಕನೇ ಫರ್ಡಿನಾಂಡ್ ತೀರಿಕೊಂಡಾಗ ಬರೆದದ್ದರಲ್ಲಿ ಶ್ರೇಣಿ ಮೇಲಕ್ಕೆ ಏರುತ್ತದೆ. ತಾಳಕ್ಕೆ ಕಟ್ಟಿ ನುಡಿಸಿದರೆ ಇವೆರಡೂ ಕೆಡುತ್ತವೆ, ವಾದಕರ ವಿವೇಚನೆಗೆ ಬಿಟ್ಟ ಲಯ ಅದು. 1660ರಲ್ಲಿ ಅವನು ತನ್ನದೇ ಮುಂಬರುವ ಸಾವಿನ ಮೇಲೆ ಒಂದು ಧ್ಯಾನಗೀತವನ್ನೂ ಬರೆದ.

ಬಾಖ್‌ನ 1724ರ ಕಂಟಾಟಾ (ವಾದ್ಯಗಳೊಡನೆ ಹಾಡುವ ಚರ್ಚಿನ ಕೃತಿ), 26ನೇ ಸಂಖ್ಯೆಯದು, ಮಿಖಾಯೆಲ್ ಫ್ರಾಂಕ್‌ನ 1652ರ ಸ್ತೋತ್ರದ ಮೇಲೆ ಕಟ್ಟಿದ್ದು. ಬದುಕು ಮಂಜಿನಂತೆ ಓಡಿಹೋಗುತ್ತದೆ ಎಂಬ ಸಾಲಿಗೆ ವಾದ್ಯಗಳು ಮೇಲೆ ಕೆಳಗೆ ಓಡುತ್ತಲೇ ಇರುತ್ತವೆ, ಹಾಡುವವರು ಮಾತ್ರ ನಿಧಾನ.

ಕಾವ್ಯಕ್ಕೆ ಜರ್ಮನ್ ಕವಿ ಆಂದ್ರಿಯಾಸ್ ಗ್ರಿಫಿಯುಸ್. ಮೂವತ್ತು ವರ್ಷಗಳ ಯುದ್ಧದ ನಡುವೆ ಬೆಳೆದವನು, ಸೈಲೀಷಿಯಾದವನು. ಎಲ್ಲವೂ ವ್ಯರ್ಥ ಎಂಬ ಅವನ ಸುನೀತ 1637ರದು. ಆರು ಗಣಗಳ ಸಾಲು, ಮೂರನೆಯದರ ಬಳಿಕ ಕಡ್ಡಾಯ ಬಿಡುವು. ಸಾಲಿನ ಮೊದಲರ್ಧದಲ್ಲಿ ಕಟ್ಟುತ್ತಾರೆ, ಬಿಡುವಿನ ಆಚೆ ಕೆಡವುತ್ತಾರೆ. ಓದುವಾಗ ಆ ಬಿಡುವನ್ನು ನುಂಗಿದರೆ ಪದ್ಯದ ಬೆನ್ನೆಲುಬೇ ಹೋಗುತ್ತದೆ.

ಹತ್ತಿಉಂಡೆ

ಚಿತ್ರ ಸಂರಕ್ಷಣೆಯ ಕಡೆಯಿಂದ ಒಂದಿಷ್ಟು. ಇಂದು ನಾವು ನೋಡುವುದು 1640ರ ಮೇಜನ್ನಲ್ಲ, ಅದರ ಮೇಲೆ ಸುಮಾರು 380 ವರ್ಷ ಕಳೆದದ್ದನ್ನು. ಓದುವಾಗ ಇದನ್ನು ಕಳೆದು ನೋಡಬೇಕು.

ಅಗ್ಗದ ನೀಲಿಯಾಗಿ ಬಳಸಿದ ಸ್ಮಾಲ್ಟ್, ಅಂದರೆ ಕೋಬಾಲ್ಟ್ ಗಾಜಿನ ಪುಡಿ, ಎಣ್ಣೆಯಲ್ಲಿ ಕಾಲಕ್ರಮೇಣ ಬೂದುಗಂದಾಗುತ್ತದೆ. ಹಾಗಾಗಿ ಬೂದಿಯಾಗಿ ಕಾಣುವ ಬಟ್ಟೆಯೆಲ್ಲ ಬೂದಿಯಾಗಿಯೇ ಬರೆದದ್ದಲ್ಲ. ಸಸ್ಯಮೂಲದ ಹಳದಿ ಬೆಳಕಿಗೆ ಹಾರಿಹೋಗಿ ಹೂಚಿತ್ರಗಳ ಎಲೆಗಳು ನೀಲಿಯಾಗಿ ಉಳಿಯುತ್ತವೆ. ಅದನ್ನು ಕಂಡು ‘ಶೀತಲ ಸಾವಿನ ಬಣ್ಣ’ ಎಂದು ವ್ಯಾಖ್ಯಾನ ಮಾಡುವುದು ತಪ್ಪು. ಹಳೆಯ ವಾರ್ನಿಷ್ ಹಳದಿಯಾಗಿ ಬೆಳಕಿನ ಪಟ್ಟಿಯನ್ನೇ ಮಬ್ಬು ಮಾಡುತ್ತದೆ. ಒರಟಾಗಿ ಶುಚಿ ಮಾಡಿದ ಕಡೆ ಮೊದಲು ಹೋಗುವುದು ಅತ್ಯಂತ ತೆಳುವಾದದ್ದು: ದೀಪದ ಹೊಗೆ, ಗುಳ್ಳೆಯ ಅಂಚು, ಗಾಜಿನ ಒಳಬಿಂಬ. ದೀಪ ಆರಿದೆಯೋ ಹಚ್ಚೇ ಇಲ್ಲವೋ ಎಂಬ ವಾದ ಎಷ್ಟೋ ಸಲ ಹಿಂದೆ ಯಾರೋ ಹತ್ತಿಯಲ್ಲಿ ಒರೆಸಿದ್ದರ ಫಲ.

ಸೀಸದ ಬಿಳಿ ಎಣ್ಣೆಯೊಡನೆ ಸೇರಿ ಸಾಬೂನಿನಂಥ ಸಂಯುಕ್ತವಾಗುತ್ತ ಪದರ ಕ್ರಮೇಣ ಪಾರದರ್ಶಕವಾಗುತ್ತದೆ. ಅಡಿಯಲ್ಲಿ ಮುಚ್ಚಿದ್ದ ಮೊದಲ ಆಲೋಚನೆ ಎಷ್ಟೋ ಚಿತ್ರಗಳಲ್ಲಿ ಮೇಲೆ ಬರುವುದು ಹೀಗೆ. ಸ್ಟೀನ್‌ವೈಕ್‌ನ ಚಿತ್ರದಲ್ಲೂ ಇಂಥ ಬದಲಾವಣೆ ಇದೆ. ಈಗ ಹೂಜಿ ಇರುವ ಜಾಗದಲ್ಲಿ ಮೊದಲು ಎಲೆಮಾಲೆ ತೊಟ್ಟ ಗಂಡಸಿನ ಎದೆಮಟ್ಟದ ಶಿಲ್ಪವಿತ್ತು. ಕೀರ್ತಿಯ ಗುರುತನ್ನು ತೆಗೆದು ಸಾದಾ ಹೂಜಿ ಇಟ್ಟಿದ್ದಾನೆ. ಬುರುಡೆಯ ಎದುರಿಗೆ ಇನ್ನೊಂದು ಮುಖ ಬೇಡವೆಂದು ಅನಿಸಿರಬೇಕು. ಇದು ನನ್ನ ಊಹೆ, ಆದರೆ ಶಿಲ್ಪವನ್ನು ಮನಸ್ಸಿನಲ್ಲಿ ಮತ್ತೆ ಅಲ್ಲಿಟ್ಟು ನೋಡಿ, ಬುರುಡೆಯ ಬಲ ಅರ್ಧಕ್ಕಿಳಿಯುತ್ತದೆ.

ಗರಿಲೇಖನಿ

ಹತ್ತಿಉಂಡೆಯವರ ಕೊನೆಯ ಮಾತು ಇಡೀ ಪ್ರಶ್ನೆಗೆ ಬೆಳಕು ಕೊಟ್ಟಿತು. ಒಂದು ಕೊನೆಯ ಸಂದೇಹ. ಟ್ಯುಲಿಪ್ ಹೂ ಕಂಡರೆ ಸಾಕು, 1637ರಲ್ಲಿ ಹಾಲೆಂಡಿನಲ್ಲಿ ಟ್ಯುಲಿಪ್ ಬೆಲೆ ಕುಸಿದ ಕಥೆಗೆ ಕಟ್ಟುತ್ತಾರೆ. ಅದು ಸರಿಯೇ?

ಓಕ್‌ಹಲಗೆ

ಇಸವಿ ನೋಡದೆ ಕಟ್ಟಿದರೆ ಸರಿಯಲ್ಲ. ಸ್ವತಂತ್ರ ವಾನಿತಾಸ್ ವಸ್ತುಚಿತ್ರಗಳಲ್ಲಿ ಈಗ ಗೊತ್ತಿರುವ ಅತಿ ಹಳೆಯದೆಂದು ಹೇಳುವುದು ಯಾಕೊಬ್ ಡಿ ಖೇನ್‌ನ 1603ರ ಚಿತ್ರ, ಮೆಟ್ರೊಪಾಲಿಟನ್ ಸಂಗ್ರಹಾಲಯದ್ದು. ಕಲ್ಲಿನ ಗೂಡಿನಲ್ಲಿ ಬುರುಡೆ, ಅದರ ಮೇಲೆ ತೇಲುವ ದೊಡ್ಡ ಗುಳ್ಳೆ, ಮೇಲ್ಮೂಲೆಗಳಲ್ಲಿ ಗ್ರೀಕ್ ತತ್ತ್ವಜ್ಞಾನಿಗಳಾದ ನಗುವ ಡೆಮಾಕ್ರಿಟಸ್ ಮತ್ತು ಅಳುವ ಹೆರಾಕ್ಲಿಟಸ್, ಕೆಳಗೆ ನಾಣ್ಯಗಳು. ಪಕ್ಕದ ಹೂದಾನಿಯಲ್ಲಿ ಟ್ಯುಲಿಪ್ ಇದೆ. ಬೆಲೆಯ ಹುಚ್ಚು ಏರಿ ಬಿದ್ದದ್ದು ಅದಾಗಿ ಮೂರು ದಶಕಗಳ ಮೇಲೆ. ಇಲ್ಲಿ ಹೂವು ಅಪರೂಪದ ಸೊತ್ತು ಮತ್ತು ಬಾಡುವ ಜೀವ, ಅಷ್ಟೇ. ಗುಳ್ಳೆಯನ್ನು ಹಿಗ್ಗಿಸಿ ನೋಡಿ, ಒಳಗೆ ಚಿತ್ರಹಿಂಸೆಯ ಚಕ್ರ, ಕುಷ್ಠರೋಗಿಯ ಗಿಲಕಿ ಮಸುಕಾಗಿ ಕಾಣುತ್ತವೆ. ಫಿಲಿಪ್ ದೆ ಶಾಂಪೇನ್ ಫ್ರಾನ್ಸಿನಲ್ಲಿ ಸುಮಾರು 1671ರಲ್ಲಿ ಟ್ಯುಲಿಪ್, ಬುರುಡೆ, ಮರಳುಗಡಿಯಾರ ಮೂರನ್ನೇ ಸಾಲಾಗಿ ಇಟ್ಟು ಬರೆದದ್ದೂ ಮಾರುಕಟ್ಟೆಯ ಕಥೆಯಲ್ಲ.

ಬಿಂಬ ಹುಡುಕುವ ಅಭ್ಯಾಸ ಇದ್ದರೆ ಮರಿಯಾ ಫಾನ್ ಓಸ್ಟರ್‌ವೈಕ್‌ಳ 1668ರ ಚಿತ್ರವನ್ನೂ ನೋಡಿ, ವಿಯೆನ್ನಾದ ಕಲಾ ಇತಿಹಾಸ ಸಂಗ್ರಹಾಲಯದಲ್ಲಿದೆ. ಲೆಕ್ಕದ ಪುಸ್ತಕ, ಧಾನ್ಯ ಕಡಿಯುವ ಇಲಿ, ಬುರುಡೆ, ಆಕಾಶಗೋಲ ಎಲ್ಲ ಇವೆ. ಎಡಗಡೆಯ ಗಾಜಿನ ಶೀಸೆಯಲ್ಲಿ ಚಿತ್ರ ಬರೆದವಳೇ ಚಿಕ್ಕದಾಗಿ ಪ್ರತಿಫಲಿಸಿದ್ದಾಳೆ.

ಬಣ್ಣದಬಟ್ಟಲು

ಅಭ್ಯಾಸ ಮಾಡುವವರಿಗೆ ಒಂದು ಸೇರಿಕೆ. ಮೆಟ್ರೊಪಾಲಿಟನ್‌ನವರು ಕ್ಲಾಸ್ ಮತ್ತು ಡಿ ಖೇನ್ ಚಿತ್ರಗಳ ದೊಡ್ಡ ಕಡತಗಳನ್ನು ಮುಕ್ತವಾಗಿ ಇಳಿಸಿಕೊಳ್ಳಲು ಇಟ್ಟಿದ್ದಾರೆ. ಕ್ಲಾಸ್‌ನದನ್ನು ನಿಜ ಅಳತೆಗೆ, ಅಂದರೆ 36 ಸೆಂ.ಮೀ. ಅಗಲಕ್ಕೆ ಮುದ್ರಿಸಿ ಗೋಡೆಗೆ ಅಂಟಿಸಿ. ಮೊದಲ ಅಭ್ಯಾಸ ಬುರುಡೆ ಬೇಡ, ಉರುಳಿದ ಬಟ್ಟಲೊಂದನ್ನೇ ಬರೆಯಿರಿ. ಎರಡನೆಯ ಬಿಂಬ ತಲೆಕೆಳಗಾಗಿ ಸರಿಯಾದ ಜಾಗಕ್ಕೆ ಕೂತ ಮೇಲೆ ಉಳಿದ ಮೇಜು ತುಂಬಿ.